ಒಂದೇ ರೂಮಲ್ಲಿ ನಾಲ್ಕು ಜನ: ರಾತ್ರಿ ನಿದ್ದೆ ಉಳಿಸಿಕೊಳ್ಳೋದು ಹೇಗೆ?

ಮಂಜಿನೂರು:

ಮಡಿಕೇರಿಯಲ್ಲಿ ಡಿಗ್ರಿ ಎರಡನೇ ವರ್ಷ ಓದ್ತಿದ್ದೀನಿ. ಮನೆ ಭಾಗಮಂಡಲದ ಕಡೆ. ಮಳೆಗಾಲದಲ್ಲಿ ದಿನಾ ಬಸ್ಸಲ್ಲಿ ಓಡಾಡೋಕಾಗಲ್ಲ ಅಂತ ಪಿ.ಜಿ. ಸೇರಿದ್ದು. ನಾಲ್ಕು ಹುಡುಗಿಯರಿಗೆ ಒಂದು ರೂಮ್. ಎರಡು ಡಬಲ್ ಡೆಕ್ಕರ್ ಮಂಚ, ಮೇಲೆ ಶೀಟಿನ ಛಾವಣಿ, ನಡುವೆ ಒಂದೇ ಒಂದು ಟ್ಯೂಬ್‌ಲೈಟ್.

ಒಬ್ಬಳು ರಾತ್ರಿ ಎರಡರವರೆಗೂ ಓದ್ತಾಳೆ, ದೊಡ್ಡ ಲೈಟ್ ಹಾಕಿಕೊಂಡೇ. ಇನ್ನೊಬ್ಬಳು ಇಯರ್‌ಫೋನ್ ಹಾಕದೆ ರೀಲ್ಸ್ ನೋಡ್ತಾಳೆ, ಒಂದು ಹಾಡು ಕಿವಿಗೆ ಬೀಳೋಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತೆ. ಮೂರನೆಯವಳು ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು ಆರೂವರೆ ತನಕ ಸ್ನೂಜ್ ಒತ್ತುತ್ತಾ ಇರ್ತಾಳೆ. ಅವಳು ಏಳಲ್ಲ, ಉಳಿದ ಮೂವರಿಗೂ ಎಚ್ಚರ ಆಗುತ್ತೆ. ನನ್ನದು ಮೇಲಿನ ಮಂಚ, ಟ್ಯೂಬ್‌ಲೈಟ್ ನೇರ ಕಣ್ಣಿಗೆ ಹೊಡೆಯುತ್ತೆ.

ಇವರಲ್ಲಿ ಯಾರೂ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿಸಿ ತಂದುಕೊಟ್ಟವರು ಇವರೇ. ಅದಕ್ಕೇ ಖಡಕ್ಕಾಗಿ ಹೇಳೋಕೆ ಬಾಯಿ ಬರಲ್ಲ. ಮೆಲ್ಲಗೆ ಹೇಳಿ ನೋಡಿದೆ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೇ’ ಅಂತ ಮಾತು ಮುಗಿಸಿದ್ರು. ಪಿ.ಜಿ. ಆಂಟಿ ‘ನಿಮ್ಮ ನಿಮ್ಮಲ್ಲೇ ಮಾತಾಡ್ಕೊಳ್ಳಿ’ ಅಂತಾರೆ.

ಕ್ಲಾಸಲ್ಲಿ ಕೂತಲ್ಲೇ ತೂಕಡಿಕೆ. ಸಣ್ಣ ಮಾತಿಗೂ ಅಳು ಬರುತ್ತೆ. ಸ್ನೇಹ ಕೆಡಿಸಿಕೊಳ್ಳದೆ ನಿದ್ದೆ ಉಳಿಸಿಕೊಂಡವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ಬಿದಿರುಮೆಳೆ:

ಪೊನ್ನಂಪೇಟೆ ಅರಣ್ಯ ಕಾಲೇಜಲ್ಲಿ ಓದಿದವನು ನಾನು. ಹಾಸ್ಟೆಲಲ್ಲಿ ನಿದ್ದೆಗೆಟ್ಟ ಅನುಭವ ಚೆನ್ನಾಗಿದೆ, ಹಾಗಾಗಿ ಕೈಗೆ ಸಿಗುವ ಪರಿಹಾರದಿಂದಲೇ ಶುರು ಮಾಡ್ತೀನಿ.

ಇಯರ್‌ಪ್ಲಗ್ ತಗೊಳ್ಳಿ. ಸ್ಪಂಜಿನ ಥರ ಮೆತ್ತಗಿರೋ ಫೋಮ್ ಪ್ಲಗ್ ಮೆಡಿಕಲ್ ಶಾಪಲ್ಲೂ ಆನ್‌ಲೈನಲ್ಲೂ ಸಿಗುತ್ತೆ, ದೊಡ್ಡ ಬೆಲೆಯೇನಲ್ಲ. ‘ಹಾಕ್ಕೊಂಡೆ, ಏನೂ ಪ್ರಯೋಜನ ಆಗಲಿಲ್ಲ’ ಅನ್ನೋರಲ್ಲಿ ಹೆಚ್ಚಿನವರು ಅದನ್ನ ಕಿವಿಯ ಬಾಯಲ್ಲಿ ಸಿಕ್ಕಿಸಿ ಬಿಟ್ಟಿರ್ತಾರೆ. ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಪ್ಲಗ್ಗನ್ನ ಎರಡು ಬೆರಳ ನಡುವೆ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಬಲಗಿವಿಗೆ ಹಾಕೋದಾದ್ರೆ ಎಡಗೈಯನ್ನ ತಲೆ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೀರಿ. ಆಗ ಒಳದಾರಿ ನೇರ ಆಗುತ್ತೆ. ಹೊಸೆದಿದ್ದನ್ನ ತೂರಿಸಿ ಮೂವತ್ತು ಸೆಕೆಂಡ್ ಬೆರಳಿಂದ ಒತ್ತಿ ಹಿಡೀರಿ, ಒಳಗೇ ಅರಳಿಕೊಳ್ಳುತ್ತೆ. ತುದಿ ಸ್ವಲ್ಪ ಹೊರಗೆ ಉಳೀಬೇಕು, ತೆಗೆಯೋಕೆ. ಪ್ಯಾಕೆಟ್ ಮೇಲೆ 30ರ ಆಸುಪಾಸು ಡೆಸಿಬಲ್ ಕಡಿಮೆ ಮಾಡುತ್ತೆ ಅಂತ ಬರೆದಿರ್ತಾರೆ. ಸರಿಯಾಗಿ ಹಾಕದಿದ್ರೆ ಅದರ ಅರ್ಧವೂ ಸಿಗಲ್ಲ.

ನಮ್ಮ ಕೊಡಗಿಗೆ ಸೇರಿಸಿ ಹೇಳಬೇಕಾದ್ದು ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಏನೂ ಒಣಗಲ್ಲ. ಅದೇ ಹಸಿ ಪ್ಲಗ್ಗನ್ನ ದಿನಾ ತುರುಕಿದ್ರೆ ಕಿವಿಯಲ್ಲಿ ಬೂಸ್ಟು ಹಿಡಿಯುತ್ತೆ, ತುರಿಕೆ, ನೋವು, ಸೋರೋದು ಎಲ್ಲ ಶುರುವಾಗುತ್ತೆ. ಸ್ನಾನ ಮಾಡಿದ ಕೂಡಲೇ ಹಾಕಬೇಡಿ, ಮುಚ್ಚಳ ಇರೋ ಒಣ ಡಬ್ಬಿಯಲ್ಲಿಡಿ, ಕೊಳೆಯಾದ್ರೆ ಅಥವಾ ಹಿಂಡಿದ ಮೇಲೆ ಮತ್ತೆ ಉಬ್ಬದಿದ್ರೆ ಬಿಸಾಕಿ.

ರಾತ್ರಿಪಾಳಿ:

ಆ ಎರಡು ಗಂಟೆವರೆಗೆ ಓದೋ ಹುಡುಗಿಯ ಜಾಗದಲ್ಲಿ ನಾನಿದ್ದೀನಿ, ಅವಳ ಪರವಾಗಿ ಒಂದು ಮಾತು ಹೇಳ್ತೀನಿ. ಮಡಿಕೇರಿಯಲ್ಲೇ ಎಂಬಿಬಿಎಸ್ ಮಾಡ್ತಿದ್ದೀನಿ. ಬೆಳಗಿಂದ ಕ್ಲಾಸು, ಪೋಸ್ಟಿಂಗ್, ಸಂಜೆ ರೆಕಾರ್ಡ್ ಬರೆಯೋದು. ತಲೆ ತಣ್ಣಗಾಗಿ ಪುಸ್ತಕ ಹಿಡಿಯೋದೇ ಹತ್ತರ ಮೇಲೆ. ನಮಗೂ ಬೇರೆ ಹೊತ್ತಿಲ್ಲ.

ಆದರೆ ಓದೋಕೆ ಬೇಕಾಗಿರೋದು ಪುಸ್ತಕದ ಮೇಲೆ ಬೆಳಕು, ಇಡೀ ರೂಮಿಗಲ್ಲ. ನಮ್ಮ ರೂಮಲ್ಲಿ ನಾನು ಕ್ಲಿಪ್ ಇರೋ ಸಣ್ಣ ಎಲ್‌ಇಡಿ ಲ್ಯಾಂಪ್ ಮಂಚದ ಕಂಬಿಗೆ ಸಿಕ್ಕಿಸಿ, ಮುಖ ಗೋಡೆ ಕಡೆ ತಿರುಗಿಸ್ತೀನಿ. ಗೋಡೆಗೆ ಬಿದ್ದು ವಾಪಸ್ ಬರೋ ಬೆಳಕೇ ಓದೋಕೆ ಸಾಕು. ಲ್ಯಾಂಪ್ ತಗೊಳ್ಳುವಾಗ ಬಿಳೀ ಬೆಳಕಿನದು ಬೇಡ, ಹಳದಿ ಬೆಳಕಿನದು ನೋಡಿ. ಪ್ಯಾಕೆಟ್ ಮೇಲೆ ‘ವಾರ್ಮ್ ವೈಟ್’ ಅಥವಾ 2700ಕೆ, 3000ಕೆ ಅಂತ ಇರುತ್ತೆ. ಕತ್ತಲಾದಾಗ ಮಿದುಳಲ್ಲಿ ಮೆಲಟೋನಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ದೇಹಕ್ಕೆ ರಾತ್ರಿ ಆಯ್ತು ಅಂತ ತಿಳಿಸುತ್ತೆ. ಬೆಳಕು, ಅದರಲ್ಲೂ ನೀಲಿ ಅಂಶ ಹೆಚ್ಚಿರೋ ಬಿಳೀ ಬೆಳಕು, ಅದನ್ನ ತಡೆಯುತ್ತೆ. ಮೊಬೈಲ್, ಟ್ಯೂಬ್‌ಲೈಟ್ ಎರಡೂ ಆ ಜಾತಿಯವೇ.

ಚಾರ್ಜ್ ಆಗೋ ಲ್ಯಾಂಪೇ ತಗೊಳ್ಳಿ. ಮಳೆಗಾಲದಲ್ಲಿ ಕರೆಂಟ್ ನಂಬೋಕಾಗಲ್ಲ, ಮರ ಬಿದ್ದು ಲೈನ್ ಹೋದ್ರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಪರೀಕ್ಷೆ ಸಮಯದಲ್ಲಿ ನನ್ನನ್ನ ಕಾಪಾಡಿದ್ದು ಆ ಲ್ಯಾಂಪೇ.

ಮಂಜಿನೂರು:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಅಕ್ಕ, ಒಂದು ಕೇಳ್ತೀನಿ. ಲ್ಯಾಂಪ್ ತಗೋ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ, ನೀವೇ ತಗೊಂಡ್ರಾ? ನಾನು ಹೋಗಿ ‘ನೀನು ಲ್ಯಾಂಪ್ ತಗೋ’ ಅಂದ್ರೆ ಅವಳು ಏನಂದ್ಕೊಳ್ಳಲ್ಲ?

ರಾತ್ರಿಪಾಳಿ:

ರೂಮ್‌ಮೇಟ್ ಹೇಳಿದಳು. ಮಧ್ಯಾಹ್ನ ಮೆಸ್ಸಲ್ಲಿ ಊಟ ಮಾಡುವಾಗ ‘ನೀನು ಓದೋದಕ್ಕೆ ನನ್ನ ತಕರಾರೇನಿಲ್ಲ, ಲೈಟ್ ಕಣ್ಣಿಗೆ ಬಿದ್ರೆ ನನಗೆ ನಿದ್ದೆ ಬರಲ್ಲ, ಏನ್ ಮಾಡೋಣ ಹೇಳು’ ಅಂತ ಕೇಳಿದಳು. ಬೈದಿದ್ರೆ ನಾನೂ ಬೈತಿದ್ದೆ. ಏನ್ ಮಾಡೋಣ ಅಂತ ಕೇಳಿದ್ದಕ್ಕೆ ಲ್ಯಾಂಪ್ ನೆನಪಾಗಿದ್ದು ನನಗೇ.

ಸೋಮವಾರಪೇಟೆಯವ:

ಇಷ್ಟೆಲ್ಲಾ ಬೇಕಾ? ನಾವು ಬಿಸಿಎಂ ಹಾಸ್ಟೆಲಲ್ಲಿ ಒಂದು ಹಾಲಿನಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು ಮಲಗಿದವರು. ಒಬ್ಬ ಗೊರಕೆ, ಒಬ್ಬ ರೇಡಿಯೋ, ಒಬ್ಬ ಕನಸಲ್ಲಿ ಮಾತು. ಎಲ್ಲ ಅಭ್ಯಾಸ ಆಗುತ್ತೆ. ಹಾಸ್ಟೆಲ್ ಅಂದ್ಮೇಲೆ ಹೊಂದ್ಕೊಂಡು ಹೋಗೋದನ್ನ ಕಲೀಬೇಕು. ಮುಂದೆ ಮದುವೆ, ಸಂಸಾರ, ಕೆಲಸ ಎಲ್ಲಾ ಕಡೆಯೂ ಅದೇ ಬೇಕಾಗೋದು.

ಹಳೇ ವಾರ್ಡನ್:

ಸರ್, ನಿಮ್ಮ ಕಾಲದ ಕಷ್ಟ ದೊಡ್ಡದೇ. ಆದರೆ ಈ ಮಾತನ್ನ ಒಪ್ಪೋಕೆ ನನ್ನಿಂದ ಆಗಲ್ಲ. ವಿರಾಜಪೇಟೆ ಕಡೆ ಹುಡುಗಿಯರ ಹಾಸ್ಟೆಲಲ್ಲಿ ಹಲವು ವರ್ಷ ವಾರ್ಡನ್ ಆಗಿದ್ದವಳು ನಾನು. ಹೊಂದ್ಕೊಂಡು ಹೋಗು ಅನ್ನೋ ಮಾತು ಯಾವಾಗಲೂ ಒಬ್ಬರ ಕಡೆಗೇ ಹೋಗುತ್ತೆ, ಮೆತ್ತಗಿರೋರ ಕಡೆಗೆ. ಗಲಾಟೆ ಮಾಡೋ ಹುಡುಗಿಗೆ ಯಾರೂ ಹೊಂದ್ಕೋ ಅನ್ನಲ್ಲ. ಅಂಥ ಮೆತ್ತಗಿನ ಮಕ್ಕಳು ಮಾರ್ಕ್ಸ್ ಕಳೆದುಕೊಂಡು, ಕಾಯಿಲೆ ಬಿದ್ದು, ಕೊನೆಗೆ ಅರ್ಧ ವರ್ಷದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಅಪ್ಪ ಅಮ್ಮ ಬಂದು ಕೇಳಿದಾಗ ‘ಹಾಸ್ಟೆಲ್ ಹಿಡಿಸಲಿಲ್ಲ’ ಅಂತಷ್ಟೇ ಹೇಳ್ತಿದ್ರು.

ಈ ವಯಸ್ಸಿನವರಿಗೆ ದಿನಕ್ಕೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ಮನಸ್ಸಲ್ಲಿ ನೆಲೆಯೂರೋದು ರಾತ್ರಿ ನಿದ್ದೆಯಲ್ಲಿ. ನಿದ್ದೆ ಕೇಳೋದು ಶೋಕಿ ಅಲ್ಲ, ಓದೋಕೆ ಬಂದವರ ಹಕ್ಕು.

ಮಂಜಿನೂರು ಅವರೇ, ನಿಮಗೆ ಹೇಳಬೇಕಾದ್ದು ಇದು. ರಾತ್ರಿ ಹೇಳಬೇಡಿ. ಸಿಟ್ಟು ನೆತ್ತಿಗೇರಿದಾಗ, ಕತ್ತಲಲ್ಲಿ, ಮೇಲಿನ ಮಂಚದಿಂದ ಬಗ್ಗಿ ಹೇಳಿದ ಯಾವ ಮಾತೂ ನೆಟ್ಟಗೆ ತಲುಪಲ್ಲ. ಭಾನುವಾರ ಮಧ್ಯಾಹ್ನ ನಾಲ್ವರೂ ಇದ್ದಾಗ, ತಲೆ ಬಾಚಿಕೊಳ್ತಾ ಬಟ್ಟೆ ಮಡಚ್ತಾ ಕೂತಿರುವಾಗ ಮಾತು ತೆಗೀರಿ. ‘ನೀನು ಯಾವಾಗಲೂ’ ಅಂತ ಶುರು ಮಾಡಿದ್ರೆ ಎದುರಿನವಳು ತನ್ನನ್ನ ಕಾಪಾಡಿಕೊಳ್ಳೋಕೆ ನಿಲ್ತಾಳೆ. ‘ನನಗೆ ಹನ್ನೊಂದಾದ ಮೇಲೆ ಕತ್ತಲು ಬೇಕು’ ಅನ್ನಿ. ಆಮೇಲೆ ‘ನಿಮಗೆ ನನ್ನಿಂದ ಏನು ತೊಂದರೆ’ ಅಂತ ಕೇಳಿ. ಖಂಡಿತ ಏನೋ ಒಂದಿರುತ್ತೆ. ಅದನ್ನ ಮೊದಲು ಸರಿ ಮಾಡಿ ತೋರಿಸಿ.

‘ಸ್ವಲ್ಪ ಮೆಲ್ಲಗೆ’, ‘ಸ್ವಲ್ಪ ಬೇಗ’ ಅಂತ ಮಾತಾಡ್ಕೊಂಡ್ರೆ ಎರಡು ದಿನ ನಡೆಯುತ್ತೆ, ಅಷ್ಟೇ. ಗಂಟೆ ಹೇಳಿ. ದೊಡ್ಡ ಲೈಟ್ ಹನ್ನೊಂದಕ್ಕೆ ಆಫ್, ಆಮೇಲೆ ಓದೋರು ಲ್ಯಾಂಪಲ್ಲಿ. ಹತ್ತರ ಮೇಲೆ ಫೋನಿಗೆ ಇಯರ್‌ಫೋನ್, ಕರೆ ಬಂದ್ರೆ ವರಾಂಡಕ್ಕೆ. ಅಲಾರಂ ಒಂದು ಸಲ, ಬಡಿದ್ರೆ ಎದ್ದೇಳಬೇಕು. ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಕೂತು ಬದಲಾಯಿಸ್ಕೊಳ್ಳಿ, ಎಲ್ಲರಿಗೂ ರಾತ್ರಿ ಓದಬೇಕಾಗುತ್ತೆ. ವರ್ಷದ ಮೊದಲ ವಾರದಲ್ಲೇ ಇದನ್ನ ನಮ್ಮ ಹಾಸ್ಟೆಲಲ್ಲಿ ರೂಮ್ ರೂಮಿಗೂ ಬರೆಸ್ತಿದ್ದೆ. ಜಗಳ ನಿಂತುಹೋಗಲಿಲ್ಲ, ನನ್ನ ಬಾಗಿಲು ತಟ್ಟೋದು ಮಾತ್ರ ಬಹಳ ಕಡಿಮೆಯಾಯ್ತು.

ಪಿ.ಜಿ.ಯವರು ‘ನಿಮ್ಮಲ್ಲೇ ಮಾತಾಡ್ಕೊಳ್ಳಿ’ ಅಂದಿದ್ದು ಅರ್ಧ ಸರಿ. ಮಾತಾಡಿದ ಮೇಲೂ ನಡೆಯದಿದ್ರೆ ಆಗ ಅವರ ಕೆಲಸ ಶುರುವಾಗುತ್ತೆ. ದುಡ್ಡು ತಗೊಂಡು ರೂಮ್ ಕೊಟ್ಟವರು ಮಲಗೋ ಅನುಕೂಲವನ್ನೂ ಕೊಡಬೇಕು. ಏನು ತೊಂದರೆ, ಎಷ್ಟು ಗಂಟೆಗೆ, ಯಾವಾಗ ಮಾತಾಡಿದ್ರಿ ಅಂತ ಬರೆದುಕೊಟ್ಟು ರೂಮ್ ಬದಲಾವಣೆ ಕೇಳಿ. ಬಾಯಲ್ಲಿ ಹೇಳಿದ್ದನ್ನ ಮರೀತಾರೆ, ಹಾಳೆಯಲ್ಲಿರೋದು ಉಳಿಯುತ್ತೆ.

ಸೋಮವಾರಪೇಟೆಯವ:

ಮೇಡಂ, ಮೆತ್ತಗಿರೋರ ಕಡೆಗೇ ಹೋಗುತ್ತೆ ಅಂದಿದ್ದು ನಿಜ. ನಮ್ಮ ಹಾಲಲ್ಲೂ ಒಬ್ಬ ಇದ್ದ, ಪರೀಕ್ಷೆ ಬರೆಯದೆ ಹೋದ. ಅವನ ಬಗ್ಗೆ ಇವತ್ತಿನವರೆಗೆ ಹೀಗೆ ಯೋಚಿಸಿರಲಿಲ್ಲ.

ಗೋಣಿಕೊಪ್ಪ ಗೆಳೆಯ:

ಇಲ್ಲಿ ಯಾರೂ ಹೇಳದ ಒಂದು ವಿಷಯ. ಬೆಂಗಳೂರು, ಮೈಸೂರು ಹಾಸ್ಟೆಲುಗಳಲ್ಲಿ ಫ್ಯಾನ್ ಸದ್ದು ಎಲ್ಲವನ್ನೂ ಮುಚ್ಚಿಹಾಕುತ್ತೆ. ನಮ್ಮ ಕಡೆ ಎಷ್ಟೋ ರೂಮಲ್ಲಿ ಫ್ಯಾನೇ ಇಲ್ಲ, ಇದ್ದರೂ ಯಾರು ಹಾಕ್ತಾರೆ ಚಳಿಗೆ. ಮಳೆ ಹೊಯ್ಯುವಾಗ ಶೀಟಿನ ಮೇಲಿನ ಸದ್ದಿಗೆ ಪಕ್ಕದವನು ಮಾತಾಡಿದ್ರೂ ಕೇಳಲ್ಲ. ಒಂದೇ ಸಮನೆ ಬರೋ ಸದ್ದಿಗೆ ಮಿದುಳು ಒಗ್ಗಿಕೊಳ್ಳುತ್ತೆ, ನಿದ್ದೆ ಬರುತ್ತೆ. ನಡುವೆ ಥಟ್ಟನೆ ಎದ್ದು ನಿಲ್ಲೋ ಸದ್ದು, ಅದರಲ್ಲೂ ಮನುಷ್ಯರ ಮಾತು, ನಗು, ಎಬ್ಬಿಸುತ್ತೆ. ಅದಕ್ಕೇ ನಮ್ಮಲ್ಲಿ ರೂಮ್ ಜಗಳಗಳು ಜೋರಾಗೋದು ಮಳೆ ನಿಂತ ಮೇಲೆ. ಡಿಸೆಂಬರ್ ಜನವರಿಯ ರಾತ್ರಿಯಲ್ಲಿ ಬಿಸ್ಕೆಟ್ ಕವರ್ ಬಿಚ್ಚಿದ್ರೂ ಇಡೀ ರೂಮಿಗೆ ಕೇಳುತ್ತೆ.

ನಾವು ಮಾಡಿದ್ದು: ಒಬ್ಬನ ಫೋನಲ್ಲಿ ಮಳೆ ಸದ್ದಿನ ರೆಕಾರ್ಡಿಂಗ್ ಸಣ್ಣಗೆ ಹಾಕಿ ರೂಮಿನ ನಡುವೆ ಇಡ್ತಿದ್ವಿ. ಊರಲ್ಲಿ ನಿಜವಾದ ಮಳೆ ಬಂದಾಗ ಆಫ್. ಎಲ್ಲರೂ ಒಪ್ಪಿದ್ರೆ ಮಾತ್ರ ಮಾಡಿ, ಕೆಲವರಿಗೆ ಅದೇ ಕಿರಿಕಿರಿ.

ಇನ್ನೊಂದು, ಫೋನನ್ನ ಕಬ್ಬಿಣದ ಮಂಚದ ಮೇಲೆ ವೈಬ್ರೇಟಲ್ಲಿ ಇಡಬೇಡಿ. ಸೈಲೆಂಟ್ ಮಾಡಿದ್ದೀನಿ ಅಂದ್ಕೊಂಡಿರ್ತೀರಿ, ಅದು ಗಡಗಡ ಅಂತ ಇಡೀ ಮಂಚವನ್ನೇ ಅಲುಗಾಡಿಸುತ್ತೆ, ಮೇಲೆ ಮಲಗಿದವನೂ ಏಳ್ತಾನೆ. ದಿಂಬಿನ ಒಳಗವಸಿನಲ್ಲಿ ಸೇರಿಸಿ ಅಥವಾ ಕೈಗೆ ಕಟ್ಟೋ ವಾಚಿನ ಅಲಾರಂ ಬಳಸಿ.

ಕಾವೇರಿ ತೀರ:

ಕುಶಾಲನಗರದಲ್ಲಿ ನಮ್ಮದೊಂದು ಪಿ.ಜಿ. ಇದೆ, ಹುಡುಗರಿಗೆ. ಮಾಲೀಕನಾಗಿ ಮಾತಾಡ್ತೀನಿ. ಬೈಯೋರು ಬೈಯಿರಿ, ಆದರೆ ನಮ್ಮ ಕೈಲಿ ಮಾಡೋಕಾಗೋದು ಬಹಳ ಇದೆ, ಖರ್ಚೂ ಕಡಿಮೆ.

ಮಂಚದಿಂದಲೇ ಶುರು ಮಾಡಿ. ಡಬಲ್ ಡೆಕ್ಕರ್ ಮಂಚ ಕಿರುಗುಟ್ಟೋದು ಬೋಲ್ಟ್ ಸಡಿಲ ಆಗಿದ್ದಕ್ಕೆ. ಸ್ಪ್ಯಾನರ್ ಹಿಡಿದು ಬಿಗಿ ಮಾಡಿದ್ರೆ ಸ್ವಲ್ಪ ದಿನ ಸುಮ್ಮನಿರುತ್ತೆ, ಮತ್ತೆ ಶುರು. ಹಳೇ ಸೈಕಲ್ ಟ್ಯೂಬನ್ನ ಸಣ್ಣ ಸಣ್ಣ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಕಬ್ಬಿಣಕ್ಕೆ ಕಬ್ಬಿಣ ತಾಗೋ ಕಡೆ ವಾಷರ್ ಥರ ಹಾಕಿ ಬಿಗಿ ಮಾಡಿದೆ. ಮಗ್ಗುಲು ತಿರುಗಿದ್ರೂ ಸದ್ದಿಲ್ಲ. ಕುರ್ಚಿ ಕಾಲಿಗೆ, ಮೇಜಿನ ಕಾಲಿಗೆ ರಬ್ಬರ್ ಬುಷ್. ಬಾತ್‌ರೂಮಿಗೆ ಪ್ಲಾಸ್ಟಿಕ್ ಬಕೆಟ್ ಕೊಟ್ಟು, ನೆಲದ ಮೇಲೆ ಎಳೀಬಾರದು ಅಂತ ಹೇಳಿದ್ದೀವಿ. ಬೆಳಗ್ಗೆ ಐದೂವರೆಗೆ ಬಿಸಿನೀರಿನ ಸರದಿ ಶುರುವಾದಾಗ ಬಕೆಟ್ ಎಳೆಯೋ ಸದ್ದಿಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಶೀಟ್ ಛಾವಣಿಗೆ ಒಳಗಿಂದ ಥರ್ಮೋಕೋಲ್ ಅಂಟಿಸೋದು ದುಡ್ಡು ದಂಡ. ಅದು ಹಗುರ, ಸದ್ದು ಹಾಯ್ದು ಬರುತ್ತೆ. ಸದ್ದು ತಡೆಯೋಕೆ ತೂಕ ಬೇಕು, ನಡುವೆ ಗಾಳಿಗೆ ಜಾಗ ಬೇಕು. ಶೀಟಿನಿಂದ ಅಂತರ ಬಿಟ್ಟು ಜಿಪ್ಸಮ್ ಬೋರ್ಡಿನ ಒಳಛಾವಣಿ ಹಾಕಿಸಿದ ಮೇಲೆ ಜುಲೈ ತಿಂಗಳಲ್ಲೂ ರೂಮಲ್ಲಿ ಮಾತಾಡೋಕಾಗುತ್ತೆ.

ಬೆಳಕಿನ ವಿಷಯ. ನಮ್ಮ ಹಳೇ ಕಟ್ಟಡದಲ್ಲಿ ಬಾಗಿಲ ಮೇಲೆ ಗಾಜು ಇದೆ. ವರಾಂಡದ ಬಲ್ಬು ರಾತ್ರಿಯಿಡೀ ಉರಿಯಬೇಕು, ಬೆಳಕು ಆ ಗಾಜಿಂದ ನೇರ ಮೇಲಿನ ಮಂಚಕ್ಕೆ. ಪುಸ್ತಕಕ್ಕೆ ಹಾಕೋ ಕಂದು ಕಾಗದ ಎರಡು ಪದರ ಅಂಟಿಸಿದ್ದೇ ಸಮಸ್ಯೆ ಮುಗೀತು. ಆಮೇಲೆ ಪ್ರತಿ ಮಂಚಕ್ಕೂ ಒಂದು ಸಣ್ಣ ಲೈಟ್ ಮತ್ತು ಸ್ವಿಚ್ ಹಾಕಿಸಿದೆ. ಕರೆಂಟ್ ಬಿಲ್ ಬರುತ್ತೆ ಅಂತ ಹೆದರೋ ಮಾಲೀಕರು ಲೆಕ್ಕ ಹಾಕಿ ನೋಡಿ. 5 ವಾಟಿನ ಲ್ಯಾಂಪ್ ದಿನಕ್ಕೆ ಐದು ಗಂಟೆ ಉರಿದ್ರೆ ತಿಂಗಳಿಗೆ ಮುಕ್ಕಾಲು ಯೂನಿಟ್. ಟ್ಯೂಬ್‌ಲೈಟ್ ಉರಿಸೋದಕ್ಕಿಂತ ಅದೇ ಲಾಭ.

ತಂಗಿ, ನಿಮ್ಮ ಆಂಟಿಗೆ ಈ ಮುಕ್ಕಾಲು ಯೂನಿಟ್ ಲೆಕ್ಕ ತೋರಿಸಿ.

ಬಯಲುಸೀಮೆ:

ನಾನು ಮಂಡ್ಯದವನು, ವಿರಾಜಪೇಟೆಯಲ್ಲಿ ಓದ್ತಿದ್ದೀನಿ. ಸದ್ದು, ಬೆಳಕು ಎರಡೂ ಸಹಿಸಿಕೊಂಡೆ. ಕಷ್ಟ ಆಗಿದ್ದು ಬೇರೆ. ರೂಮಲ್ಲಿ ಇನ್ನಿಬ್ಬರು ಕೊಡವ ತಕ್ಕ್ ಮಾತಾಡ್ತಾರೆ, ಒಬ್ಬ ಮಲಯಾಳಿ. ರಾತ್ರಿ ಅವರಿಬ್ಬರೂ ಮಾತಾಡಿ ನಗುವಾಗ ನನ್ನ ಬಗ್ಗೆಯೇ ನಗ್ತಿದ್ದಾರೇನೋ ಅನ್ನಿಸಿ ಎದೆ ಹೊಡ್ಕೊಳ್ತಿತ್ತು. ಆ ಸದ್ದು ಜೋರಾಗೇನೂ ಇರಲಿಲ್ಲ, ಆದ್ರೂ ನಿದ್ದೆ ಹೋಗ್ತಿತ್ತು. ಜೊತೆಗೆ ಮಳೆಗಾಲದಲ್ಲಿ ನನ್ನ ಒದ್ದೆ ಜೀನ್ಸ್ ಕಿಟಕಿಗೆ ನೇತುಹಾಕಿದ್ದಕ್ಕೆ ರೂಮೆಲ್ಲಾ ಮುಗ್ಗಲು ವಾಸನೆ ಅಂತ ಅವರಿಗೆ ಸಿಟ್ಟು. ನನಗೆ ಗೊತ್ತೇ ಇರಲಿಲ್ಲ, ನಮ್ಮೂರಲ್ಲಿ ಒಂದು ಗಂಟೆ ಬಿಸಿಲಿಗೆ ಹಾಕಿದ್ರೆ ಬಟ್ಟೆ ಗರಿಗರಿ.

ಇಲ್ಲಿಯ ಸುಗ್ಗಿ ಹಬ್ಬ ಪುತ್ತರಿಗೆ (ಹುತ್ತರಿ ಅಂತಲೂ ಅಂತಾರೆ) ಅವರಲ್ಲಿ ಒಬ್ಬ ನನ್ನನ್ನ ಮನೆಗೆ ಕರ್ಕೊಂಡು ಹೋದ. ರಾತ್ರಿ ಗದ್ದೆಗೆ ಹೋಗಿ ಕದಿರು ತೆಗೆಯೋದನ್ನ ನೋಡಿದೆ, ತಂಬಿಟ್ಟು ತಿಂದೆ, ಅವರ ಅಜ್ಜಿ ನನ್ನ ಜೊತೆ ಕನ್ನಡದಲ್ಲೇ ಮಾತಾಡಿದ್ರು. ಅಲ್ಲಿಂದ ಬಂದ ಮೇಲೆ ಅದೇ ಮಾತು, ಅದೇ ನಗು ಕೇಳಿಸಿದ್ರೂ ಎದೆ ಹೊಡ್ಕೊಳ್ಳಲ್ಲ. ಈಗ ನಾನಿದ್ದಾಗ ಅವರೇ ಕನ್ನಡಕ್ಕೆ ತಿರುಗ್ತಾರೆ. ರೂಮಿನವರ ಮನೆ ಒಂದು ಸಲ ನೋಡಿ ಬನ್ನಿ ಅಂತ ನನ್ನ ಸಲಹೆ.

ಕಿತ್ತಳೆ ತೋಟ:

ನಾನು ನರ್ಸ್. ಗೊರಕೆ ಬಗ್ಗೆ ಯಾರೋ ಬರೆದಿದ್ರಲ್ಲ, ಅದಕ್ಕೆ ಸೇರಿಸ್ತೀನಿ. ಅಂಗಾತ ಮಲಗಿದ್ರೆ ಗೊರಕೆ ಹೆಚ್ಚು, ಮಗ್ಗುಲಾಗಿ ಮಲಗಿದ್ರೆ ಕಡಿಮೆ. ಇಲ್ಲಿಯ ತೇವಕ್ಕೆ ಗೋಡೆ, ಹಾಸಿಗೆಯಲ್ಲಿ ಬೂಸ್ಟು ಬಂದು ಮೂಗು ಕಟ್ಟಿ ಗೊರಕೆ ಬರೋದೂ ಉಂಟು. ಬಿಸಿಲು ಬಿದ್ದ ದಿನ ಹಾಸಿಗೆ, ರಗ್ಗು ಹೊರಗೆ ಹಾಕಿ, ಮಂಚವನ್ನ ಗೋಡೆಯಿಂದ ಸ್ವಲ್ಪ ದೂರ ಇಡಿ. ಆದರೆ ಗೊರಕೆ ನಡುವೆ ಉಸಿರು ನಿಂತು, ಆಮೇಲೆ ದಿಢೀರನೆ ಉಸಿರೆಳೆದುಕೊಂಡು ಎಚ್ಚರ ಆಗ್ತಿದ್ರೆ, ಹಗಲೆಲ್ಲಾ ನಿದ್ದೆ ತೂಗ್ತಿದ್ರೆ, ಅವರನ್ನ ರೇಗಿಸಬೇಡಿ. ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ತನಗೆ ಹೀಗಾಗ್ತಿದೆ ಅಂತ ಅವರಿಗೇ ಗೊತ್ತಿರಲ್ಲ, ನೋಡಿರೋದು ರೂಮ್‌ಮೇಟ್ ಮಾತ್ರ.

ಕಾಫಿ ಬಗ್ಗೆಯೂ ಹೇಳಲೇಬೇಕು. ತೋಟದ ಮನೆಯಿಂದ ಬಂದ ಮಕ್ಕಳು ಪುಡಿ ತಂದಿಟ್ಟುಕೊಂಡು ರಾತ್ರಿ ಹತ್ತಕ್ಕೆ ಡಿಕಾಕ್ಷನ್ ಇಳಿಸ್ತಾರೆ, ರೂಮಿನವರಿಗೆಲ್ಲಾ ಒಂದೊಂದು ಲೋಟ. ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗೋಕೆ ಐದು ಗಂಟೆ ಆಸುಪಾಸು ಬೇಕು. ಹತ್ತಕ್ಕೆ ಕುಡಿದಿದ್ದು ಮೂರಕ್ಕೂ ಅರ್ಧ ಒಳಗೇ ಇರುತ್ತೆ. ಅದರಲ್ಲೂ ನಮ್ಮಲ್ಲಿ ಹೆಚ್ಚು ಬೆಳೆಯೋ ರೋಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೀನ್ ಸುಮಾರು ಎರಡರಷ್ಟು. ಮಧ್ಯಾಹ್ನದ ಮೇಲೆ ಬಿಟ್ಟು ನೋಡಿ. ಸಣ್ಣ ಸದ್ದಿಗೆಲ್ಲ ಏಳೋದು ತಾನಾಗೇ ಕಡಿಮೆ ಆಗಬಹುದು.

ಗೋಣಿಕೊಪ್ಪ ಗೆಳೆಯ:

ಕಟ್ಟಡದ ಹೊರಗಿನ ಸದ್ದಿಗೆ ಏನ್ ಮಾಡ್ತೀರಿ? ನನ್ನ ತಂಗಿ ಇರೋ ಪಿ.ಜಿ. ಪಕ್ಕ ಒಂದು ಹೋಂಸ್ಟೇ. ಶುಕ್ರವಾರ ಸಂಜೆ ಟೂರಿಸ್ಟ್ ಗಾಡಿ ಬಂದು ನಿಂತರೆ ಭಾನುವಾರದವರೆಗೆ ಕ್ಯಾಂಪ್‌ಫೈರ್, ಸ್ಪೀಕರ್, ಕಿರುಚಾಟ. ಸೋಮವಾರ ಇಂಟರ್ನಲ್ಸ್ ಇದ್ರೂ ಅವರಿಗೇನು. ಇಯರ್‌ಪ್ಲಗ್ ಹಾಕಿದ್ರೂ ಸ್ಪೀಕರಿನ ದುಂ ದುಂ ಎದೆಗೇ ಬಡಿಯುತ್ತೆ ಅಂತಾಳೆ.

ಹಳೇ ವಾರ್ಡನ್:

ಪ್ಲಗ್ಗು ತೆಳು ಸದ್ದನ್ನ ಚೆನ್ನಾಗಿ ತಡೆಯುತ್ತೆ, ಆ ದಪ್ಪ ದುಂ ದುಂ ಸದ್ದನ್ನ ಅಷ್ಟು ತಡೆಯಲ್ಲ. ಅದಕ್ಕೆ ಕಾನೂನು ಇದೆ, ಬಳಸಿ. 2000ರ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಆ ಹೊತ್ತಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲಾ ಕಾಲೇಜು, ಕೋರ್ಟ್ ಸುತ್ತ ನೂರು ಮೀಟರ್‌ವರೆಗೂ ನಿಶ್ಶಬ್ದ ವಲಯ ಮಾಡೋಕೆ ಅವಕಾಶ ಇದೆ, ಅಲ್ಲಿ ರಾತ್ರಿ ಮಿತಿ 40. ಮೊದಲು ಹೋಂಸ್ಟೇಯವರಿಗೆ ಪಿ.ಜಿ. ಮಾಲೀಕರಿಂದಲೇ ಹೇಳಿಸಿ. ಊರವರ ಮುಖ ಊರವರು ನೋಡಬೇಕಲ್ಲ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಮುಗೀದಿದ್ರೆ 112ಕ್ಕೆ ಫೋನ್ ಮಾಡಿ.

ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ ಮಾತ್ರ ಬೇರೆ. ಹತ್ತು ದೇವಸ್ಥಾನಗಳ ಮಂಟಪ ಬೆಳಗಿನ ಜಾವದವರೆಗೂ ಊರು ಸುತ್ತುತ್ತವೆ. ಮಲಗಬೇಕಾದವರು ಅವತ್ತು ಊರಿಗೆ ಹೋಗಿ, ಇಲ್ಲಾ ಎಲ್ಲರ ಜೊತೆ ರಸ್ತೆಗೆ ಬನ್ನಿ.

ಹೆಸರು ಬೇಡ:

ಇಲ್ಲಿ ಬರೆಯೋದಾ ಬೇಡವಾ ಅಂತ ತುಂಬಾ ಯೋಚಿಸಿದೆ. ನಮ್ಮ ರೂಮಿನ ಸೀನಿಯರ್ ಕುಡಿದು ಬಂದು ರಾತ್ರಿ ಲೈಟ್ ಹಾಕಿ ನಮ್ಮನ್ನ ಎಬ್ಬಿಸ್ತಾನೆ. ಹಾಡು ಹೇಳಿಸ್ತಾನೆ, ಬಟ್ಟೆ ಒಗೆಸ್ತಾನೆ. ಇದೂ ಅಡ್ಜಸ್ಟ್ ಮಾಡ್ಕೊಳ್ಳೋದಾ?

ಹಳೇ ವಾರ್ಡನ್:

ಖಂಡಿತ ಅಲ್ಲ, ಮಗಾ. ಇದು ರೂಮ್ ಜಗಳ ಅಲ್ಲ, ರ್‍ಯಾಗಿಂಗ್. ಯುಜಿಸಿಯ 2009ರ ನಿಯಮದಲ್ಲಿ ಇದು ಶಿಕ್ಷೆಯಾಗೋ ತಪ್ಪು. ರಾಷ್ಟ್ರೀಯ ಸಹಾಯವಾಣಿ 1800-180-5522, ದಿನದ ಯಾವ ಹೊತ್ತಲ್ಲಾದರೂ ಮಾಡು, ದುಡ್ಡು ಖರ್ಚಾಗಲ್ಲ. ಕಾಲೇಜಿನ ರ್‍ಯಾಗಿಂಗ್ ವಿರೋಧಿ ಸಮಿತಿಗೆ ದಿನಾಂಕ, ಗಂಟೆ ಹಾಕಿ ಬರೆದು ಕೊಡು. ಅವನ ಜೊತೆ ಒಬ್ಬನೇ ಕೂತು ಮಾತಾಡಿ ಸರಿ ಮಾಡೋಕೆ ಹೋಗಬೇಡ. ಇವತ್ತೇ ಅಪ್ಪನಿಗೋ ಅಮ್ಮನಿಗೋ ಹೇಳು, ಇವತ್ತು ರಾತ್ರಿ ಬೇರೆ ರೂಮಲ್ಲಿ ಮಲಗು. ಮನಸ್ಸಿಗೆ ತಡೆಯೋಕಾಗದಷ್ಟು ಆಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ. ಯಾರಿಗೆ ಹೇಳಿದೆ ಅಂತ ಇಲ್ಲಿ ಒಂದು ಸಾಲು ಹಾಕು, ನಾವೆಲ್ಲ ಕಾಯ್ತಿದ್ದೀವಿ.

ಹೆಸರು ಬೇಡ:

ಅಮ್ಮನಿಗೆ ಹೇಳಿದೆ. ನಾಳೆ ಮಾವ ಬರ್ತಿದ್ದಾರೆ, ಪ್ರಿನ್ಸಿಪಾಲರ ಹತ್ತಿರ ಹೋಗ್ತೀವಿ. ಇವತ್ತು ಕೆಳಗಿನ ಮಹಡಿಯ ಗೆಳೆಯನ ರೂಮಲ್ಲಿದ್ದೀನಿ.

ಮಂಜಿನೂರು:

ಹೆಸರು ಬೇಡ ಅವರೇ, ಧೈರ್ಯ ಮಾಡಿದ್ರಿ, ಒಳ್ಳೇದಾಗ್ಲಿ.

ನನ್ನ ಕಥೆ ಹೇಳ್ತೀನಿ. ಭಾನುವಾರ ನಾಲ್ವರೂ ಬಟ್ಟೆ ಮಡಚ್ತಾ ಕೂತಿದ್ದಾಗ ಮಾತು ತೆಗೆದೆ. ಮೇಡಂ ಹೇಳಿದ ಹಾಗೆ ‘ನನ್ನಿಂದ ನಿಮಗೇನು ತೊಂದರೆ’ ಅಂತಲೂ ಕೇಳಿದೆ. ಮೂವರೂ ಒಂದೇ ಸಲಕ್ಕೆ ಹೇಳಿದ್ರು, ನಾನು ಬೆಳಗ್ಗೆ ಮನೆಗೆ ಫೋನ್ ಮಾಡುವಾಗ ಜೋರಾಗಿ ಮಾತಾಡ್ತೀನಂತೆ, ಅಜ್ಜನಿಗೆ ಕಿವಿ ಕೇಳಲ್ಲ ಅಂತ ಕಿರುಚ್ತೀನಿ ನಿಜ. ಇನ್ನು ಅದಕ್ಕೆ ವರಾಂಡಕ್ಕೆ ಹೋಗ್ತೀನಿ ಅಂದೆ. ಓದೋ ಹುಡುಗಿ ಲ್ಯಾಂಪಿಗೆ ತಕ್ಷಣ ಒಪ್ಪಿದಳು. ಯಾರೂ ಹೇಳಿರಲಿಲ್ಲ, ನೀವೆಲ್ಲ ಲೈಟಲ್ಲೂ ಮಲಗ್ತೀರಿ ಅಂದ್ಕೊಂಡಿದ್ದೆ ಅಂದಳು. ಅಲಾರಂ ಹುಡುಗಿಗೆ ನಿಜವಾಗಿ ಬೇಕಾಗಿರೋದು ಆರೂವರೆ, ಐದು ಯಾಕೆ ಇಡ್ತಾಳೆ ಅಂತ ಅವಳಿಗೇ ಗೊತ್ತಿಲ್ಲ. ಆರೂಕಾಲಕ್ಕೆ ಒಂದೇ ಅಲಾರಂ ಅಂತ ಆಗಿದೆ.

ರೀಲ್ಸ್ ಹುಡುಗಿಗೆ ಮಾತ್ರ ಬೇಜಾರಾಗಿದೆ. ಹಾಳೆಗೆ ಸಹಿ ಹಾಕಿದಳು, ಆದರೆ ಈಗ ನನ್ನ ಜೊತೆ ಅಷ್ಟಾಗಿ ಮಾತಾಡಲ್ಲ. ಇಯರ್‌ಫೋನ್ ಹಾಕ್ತಾಳೆ, ಅಷ್ಟಾಯ್ತು. ಅವಳ ಮನೆ ನಾಪೋಕ್ಲು ಹತ್ತಿರ, ಹುತ್ತರಿಗೆ ಕರೀತಾಳೇನೋ ನೋಡಬೇಕು. ಆಂಟಿ ಲೈಟ್ ಹಾಕಿಸಲ್ಲ ಅಂದ್ರು, ಬಾಗಿಲ ಮೇಲಿನ ಗಾಜಿಗೆ ಕಾಗದ ಅಂಟಿಸೋಕೆ ಒಪ್ಪಿದ್ರು. ನಿನ್ನೆ ಒಂದೇ ಸಲಕ್ಕೆ ಬೆಳಗಾಯ್ತು ನನಗೆ.

ಬಿದಿರುಮೆಳೆ ಅಣ್ಣ, ಪ್ಲಗ್ ಹಾಕಿದ್ರೆ ಬೆಳಗಿನ ಹೊತ್ತಿಗೆ ಕಿವಿ ನೋಯುತ್ತೆ. ನೀವು ಹೇಳಿದ ಹಾಗೇ ಹೊಸೆದು ಹಾಕಿದೆ. ಏನ್ ಮಾಡ್ಲಿ?

ಬಿದಿರುಮೆಳೆ:

ಸೈಜ್ ದೊಡ್ಡದಾಗಿದೆ. ಹುಡುಗಿಯರಿಗೆ, ಸಣ್ಣ ಕಿವಿಯವರಿಗೆ ‘ಸ್ಮಾಲ್’ ಅಂತ ಬೇರೆಯೇ ಬರುತ್ತೆ, ಮೆಡಿಕಲ್‌ನಲ್ಲಿ ಇಲ್ಲದಿದ್ರೆ ತರಿಸಿಕೊಡಿ ಅಂತ ಹೇಳಿ. ಅಲ್ಲಿಯವರೆಗೆ ಹಾಕಬೇಡಿ, ನೋವು ಪೂರ್ತಿ ಹೋಗಲಿ. ಎರಡು ದಿನದಲ್ಲಿ ಹೋಗದಿದ್ರೆ ಡಾಕ್ಟರಿಗೆ ತೋರಿಸಿ, ಬಡ್ಸ್ ಹಾಕಿ ಕೆದಕೋಕೆ ಮಾತ್ರ ಹೋಗಬೇಡಿ.